ಮಾರಿಯಸ್ ಇನ್ನೊಂದು ಕಾಲನ್ನು ಏಕೆ ಕೊಡಲಿಲ್ಲ?

ಮೀನಖಂಡದ ಮೇಲೆ ನೀಲಿ ಹುರಿಗಳು ಸುರುಳಿ ಸುತ್ತಿಕೊಂಡದ್ದನ್ನು ಕಂಡೊಡನೆ ‘ನರ ಉಬ್ಬಿದೆ’ ಎನ್ನುತ್ತೇವೆ. ಅದು ನರವಲ್ಲ ಸ್ವಾಮಿ, ಅಭಿಧಮನಿ; ಅಶುದ್ಧ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ಹೆಸರಿನ ಈ ಗೊಂದಲದಿಂದಲೇ ‘ನರ ತೆಗೆಸಿದರೆ ಕಾಲು ಸ್ವಾಧೀನ ತಪ್ಪುತ್ತದೆ’ ಎಂಬ ದಿಗಿಲು ಹುಟ್ಟಿ, ಎಷ್ಟೋ ಜನ ಎಣ್ಣೆ ನೀವಿಕೊಳ್ಳುತ್ತಲೇ ವರ್ಷಗಳನ್ನು ಕಳೆಯುತ್ತಾರೆ.

ಹೀಗೆ ನಾಳ ಉಬ್ಬುವ ವೆರಿಕೋಸ್ ವೇನ್ಸ್‌ನ ಮೂಲ ಇರುವುದು ನಾಳದೊಳಗಿನ ಕವಾಟಗಳಲ್ಲಿ. ಸುಮ್ಮನೆ ನಿಂತಾಗ ಪಾದದ ಅಭಿಧಮನಿಯ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟು. ಹೃದಯದಿಂದ ಪಾದದವರೆಗೆ ನಿಂತ ರಕ್ತದ ಕಂಬದ ಭಾರವದು. ನಾಲ್ಕು ಹೆಜ್ಜೆ ನಡೆಯಿರಿ, ಅದು 20–30ಕ್ಕೆ ಕುಸಿಯುತ್ತದೆ! ಪ್ರತಿ ಹೆಜ್ಜೆಗೂ ಮೀನಖಂಡದ ಸ್ನಾಯು ಆಳದ ನಾಳಗಳನ್ನು ಒದ್ದೆಬಟ್ಟೆಯಂತೆ ಹಿಂಡುತ್ತದೆ. ಹಿಂಡಿದ ರಕ್ತ ಕೆಳಗಿಳಿಯದಂತೆ ಕವಾಟ ಮುಚ್ಚಿಕೊಳ್ಳುತ್ತದೆ. ಬಾವಿಯ ಪಂಪಿನ ಫುಟ್‌ವಾಲ್ವ್ ಮಾಡುವುದೂ ಇದನ್ನೇ. ಚರ್ಮದಡಿಯ ನಾಳದಲ್ಲಿ ಒಂದು ಕವಾಟ ಸೋರತೊಡಗಿತೆನ್ನಿ. ಏಣಿಯ ಮೇಲೆ ಸಾಲಾಗಿ ನಿಂತು ಇಟ್ಟಿಗೆ ಸಾಗಿಸುವವರಲ್ಲಿ ಒಬ್ಬ ಕೈಬಿಟ್ಟರೆ ಇಟ್ಟಿಗೆ ಬೀಳುವುದು ಕೆಳಗಿನವನ ಮೇಲೆ. ಹಾಗೆಯೇ ಭಾರವೆಲ್ಲ ಕೆಳಗಿನ ಕವಾಟಕ್ಕೆ. ನಾಳ ಹಿಗ್ಗುತ್ತದೆ, ಅಲ್ಲಿನ ಕವಾಟದ ಎಸಳುಗಳೂ ಒಂದಕ್ಕೊಂದು ತಾಗದಾಗುತ್ತವೆ.

ಈ ಕವಾಟಗಳ ಅಂದವಾದ ಚಿತ್ರಗಳನ್ನು 1603ರಲ್ಲಿ ಪ್ರಕಟಿಸಿದ ಇಟಲಿಯ ಪಡುವಾದ ಅಂಗರಚನಾತಜ್ಞ ಫ್ಯಾಬ್ರಿಷಿಯಸ್, ಅವು ಕೈಕಾಲುಗಳತ್ತ ರಕ್ತ ನುಗ್ಗುವುದನ್ನು ತಡೆಯುತ್ತವೆ ಎಂದುಕೊಂಡಿದ್ದ. ದಿಕ್ಕನ್ನೇ ತಲೆಕೆಳಗು ಮಾಡಿಬಿಟ್ಟಿದ್ದ! ಅದನ್ನು ಸರಿಪಡಿಸಿದವನು ಅವನ ಶಿಷ್ಯ, ಇಂಗ್ಲೆಂಡಿನ ವೈದ್ಯ ಹಾರ್ವೆ, 1628ರಲ್ಲಿ.

ಕೆಟ್ಟ ಕವಾಟವನ್ನು ರಿಪೇರಿ ಮಾಡುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಸೋರುವ ನಾಳವನ್ನೇ ಮುಚ್ಚಿದರೆ ರಕ್ತ ಆಳದ ನಾಳಗಳ ದಾರಿ ಹಿಡಿಯುತ್ತದೆ. ಕಾಲಿನ ಬಹುಪಾಲು ರಕ್ತ ಮೊದಲಿನಿಂದಲೂ ಹೋಗುತ್ತಿದ್ದದ್ದು ಅಲ್ಲಿಂದಲೇ. ಹಳೆಯ ಶಸ್ತ್ರಚಿಕಿತ್ಸೆಯಲ್ಲಿ ತೊಡೆಸಂದಿನಲ್ಲಿ ಕೊಯ್ದು, ನಾಳವನ್ನು ಕಟ್ಟಿ, ಎಳೆದು ತೆಗೆಯುತ್ತಾರೆ. ಲೇಸರ್‌ನಲ್ಲಿ ಕೂದಲೆಳೆಯಂಥ ತಂತುವನ್ನು ನಾಳದೊಳಗೆ ತೂರಿಸಿ ಒಳಗಿನಿಂದ ಸುಟ್ಟು ಮುಚ್ಚುತ್ತಾರೆ. ಮೂರನೆಯದು ನೊರೆ. ಎರಡು ಸಿರಿಂಜುಗಳನ್ನು ಜೋಡಿಸಿ ಔಷಧವನ್ನೂ ಗಾಳಿಯನ್ನೂ ಅತ್ತಿಂದಿತ್ತ ತಳ್ಳಿದರೆ ಕೆಲವೇ ಕ್ಷಣಗಳಲ್ಲಿ ಬೆಳ್ಳನೆಯ ನೊರೆ ಬರುತ್ತದೆ. ಅದನ್ನು ಚುಚ್ಚಿದರೆ ನಾಳದ ಒಳಪದರ ಕೆರಳಿ ಗೋಡೆಗಳು ಅಂಟಿಕೊಳ್ಳುತ್ತವೆ. ಬಿಗಿ ಕಾಲುಚೀಲ ತೊಟ್ಟಿರುವಷ್ಟು ಹೊತ್ತು ಆಸರೆ, ಅಷ್ಟೆ.

ಯಾವುದು ಮೇಲು? ಅಲ್ಟ್ರಾಸೌಂಡಿನಲ್ಲಿ ನಾಳ ಮುಚ್ಚಿದ್ದು ಕಂಡರೆ ವೈದ್ಯರಿಗೆ ಸಮಾಧಾನ. ರೋಗಿಯ ಲೆಕ್ಕ ಬೇರೆ. ಆ ಲೆಕ್ಕವನ್ನು ಮೊದಲು ಬಾಯಿಬಿಟ್ಟು ಹೇಳಿದವನು ರೋಮನ್ ಸೇನಾನಿ ಮಾರಿಯಸ್ ಇರಬೇಕು. ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಂತೆ, ಎರಡೂ ಕಾಲುಗಳಲ್ಲಿ ನಾಳ ಉಬ್ಬಿದ್ದ ಅವನು ಮೈಯನ್ನು ಕಟ್ಟಿಸಿಕೊಳ್ಳದೆಯೇ ಒಂದು ಕಾಲನ್ನು ಕೊಯ್ಯಲು ಕೊಟ್ಟು, ಹುಬ್ಬು ಕೂಡ ಗಂಟಿಕ್ಕದೆ ಕುಳಿತಿದ್ದ. ವೈದ್ಯ ಇನ್ನೊಂದು ಕಾಲಿಗೆ ಕೈಹಾಕಿದಾಗ, ಈ ಗುಣಕ್ಕೆ ಇಷ್ಟು ನೋವು ತಕ್ಕುದಲ್ಲವೆಂದು ತಡೆದ.

ಇಂದು ಅದನ್ನೇ ಕೇಳಲು ಅಬರ್ಡೀನ್ ಪ್ರಶ್ನಾವಳಿ ಇದೆ. ಹದಿಮೂರು ಪ್ರಶ್ನೆಗಳು. ಮೊದಲನೆಯದು ನನಗೆ ಬಹಳ ಇಷ್ಟ: ಹಾಳೆಯ ಮೇಲೆ ಕಾಲುಗಳ ರೇಖಾಚಿತ್ರ, ಅದರ ಮೇಲೆ ರೋಗಿಯೇ ತನ್ನ ಉಬ್ಬುನಾಳಗಳನ್ನು ಬರೆದು ತೋರಿಸಬೇಕು. ಆಮೇಲೆ ನೋವು, ಊತ, ತುರಿಕೆ, ಉಡುಪಿನ ಆಯ್ಕೆಯಲ್ಲಿನ ಮುಜುಗರ, ಕೆಲಸಕ್ಕಾಗುವ ಅಡ್ಡಿ.

ಬ್ರಿಟನ್ನಿನ 11 ಆಸ್ಪತ್ರೆಗಳಲ್ಲಿ 798 ರೋಗಿಗಳನ್ನು ಈ ಮೂರು ಚಿಕಿತ್ಸೆಗಳಿಗೆ ಹಂಚಿ ನಡೆಸಿದ ಪರೀಕ್ಷೆ ಇದೇ ಪ್ರಶ್ನಾವಳಿಯನ್ನು ಅಳತೆಗೋಲು ಮಾಡಿಕೊಂಡಿತು. ಐದು ವರ್ಷಗಳ ಬಳಿಕ ಲೇಸರ್ ಮತ್ತು ಶಸ್ತ್ರಚಿಕಿತ್ಸೆ ಹೆಚ್ಚುಕಡಿಮೆ ಸಮಸಮ, ನೊರೆ ಹಿಂದೆ. ಆದರೆ ಚಿಕಿತ್ಸೆಯ ತೊಡಕುಗಳು ಲೇಸರ್‌ನಲ್ಲಿ ಶೇ. 1, ನೊರೆಯಲ್ಲಿ ಶೇ. 6, ಶಸ್ತ್ರಚಿಕಿತ್ಸೆಯಲ್ಲಿ ಶೇ. 7. ನೊರೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲೇಸರ್‌ನಂತೆ ಅದರಲ್ಲೂ ರೋಗಿ ಬೇಗ ಎದ್ದು ಓಡಾಡುತ್ತಾನೆ. ಬೇಕಾದರೆ ಮತ್ತೆ ಚುಚ್ಚಬಹುದು.

ಕಾಲಿನಲ್ಲಿ ಹುಣ್ಣಾದವರು ಮಾತ್ರ ಕಾಯಬಾರದು. 2018ರಲ್ಲಿ ಪ್ರಕಟವಾದ 450 ರೋಗಿಗಳ ಪರೀಕ್ಷೆಯಲ್ಲಿ ಎಲ್ಲರಿಗೂ ಬಿಗಿಪಟ್ಟಿ ಕಟ್ಟಲಾಗಿತ್ತು. ಜೊತೆಗೆ ಸೋರುವ ನಾಳವನ್ನೂ ಬೇಗ ಮುಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನಗಳಲ್ಲಿ ಮಾಯಿತು. ಮುಂದೂಡಿದವರ ಗುಂಪಿನಲ್ಲಿ ಅಷ್ಟೇ ಜನರಿಗೆ ಮಾಯಲು 82 ದಿನ ಬೇಕಾಯಿತು. ನಡುವಿನ 26 ದಿನಗಳೆಂದರೆ, ಪಟ್ಟಿ ಬಿಚ್ಚುವುದು, ಹುಣ್ಣು ತೊಳೆಯುವುದು, ಮತ್ತೆ ಸುತ್ತುವುದು.