ನಿಮ್ಮ ರೆಸ್ಯೂಮೆಯ ಲೆಕ್ಕ ನಿಮ್ಮ ಕೈಯಲ್ಲಿರಲಿ

ಬೆಂಗಳೂರಿನ ಕಂಪನಿಗಳಲ್ಲಿ ಹನ್ನೆರಡೋ ಹದಿನೈದೋ ವರ್ಷ ದುಡಿದು, ವಯಸ್ಸಾದ ತಂದೆತಾಯಿಯ ಸಲುವಾಗಿಯೋ ಮನೆ-ತೋಟದ ಸಲುವಾಗಿಯೋ ದಾವಣಗೆರೆ, ಚಿತ್ರದುರ್ಗದ ಕಡೆಗೆ ಮರಳಿದ ಐಟಿ ಪ್ರಾಜೆಕ್ಟ್ ಮ್ಯಾನೇಜರುಗಳು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: ನೇಮಕಾತಿ ಏಜೆನ್ಸಿಗಳ ಮೂಲಕ ಗುತ್ತಿಗೆ ಕೆಲಸ ಹಿಡಿದು ಬದುಕಬಹುದೇ? ಬದುಕಬಹುದು. ಹನ್ನೊಂದು ವರ್ಷಗಳಿಂದ ನಾನು ಹಾಗೆಯೇ ದುಡಿಯುತ್ತಿದ್ದೇನೆ, ಅದರಲ್ಲಿ ಕಳೆದ ಐದು ವರ್ಷ ದಾವಣಗೆರೆಯ ವಿದ್ಯಾನಗರದ ಮನೆಯಿಂದಲೇ. ಆದರೆ ಕಾಯಂ ನೌಕರಿಯಲ್ಲಿದ್ದಾಗ ಎಚ್‌ಆರ್ ವಿಭಾಗವೂ ಅಕೌಂಟ್ಸ್ ವಿಭಾಗವೂ ನಮ್ಮ ಪರವಾಗಿ ಇಡುತ್ತಿದ್ದ ಲೆಕ್ಕಗಳನ್ನೆಲ್ಲ ಇಲ್ಲಿ ನಾವೇ ಇಡಬೇಕಾಗುತ್ತದೆ. ಆ ಲೆಕ್ಕಗಳಲ್ಲಿ ಹಣದ್ದಕ್ಕಿಂತಲೂ ಮೊದಲು ಬರುವುದು ನಮ್ಮ ರೆಸ್ಯೂಮೆ ಯಾರ ಮೂಲಕ, ಯಾವ ದಿನ, ಯಾವ ಕ್ಲೈಂಟಿಗೆ, ಅಂದರೆ ಕೆಲಸ ಮಾಡಿಸಿಕೊಳ್ಳುವ ಯಾವ ಕಂಪನಿಗೆ, ಹೋಗಿದೆ ಎಂಬ ಲೆಕ್ಕ.

ಏಜೆನ್ಸಿ ಎಲ್ಲಿ ನಿಂತಿದೆ ಎಂಬುದನ್ನು ಮೊದಲು ತಿಳಿಯಬೇಕು. ನನ್ನ ತಂದೆ ಇಲ್ಲಿನ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ರೈತರು ತಂದ ಮೆಕ್ಕೆಜೋಳವನ್ನು ಖರೀದಿದಾರರಿಗೆ ತೋರಿಸಿ, ದರ ಕುದುರಿಸಿ, ತೂಕ ಮಾಡಿಸಿ, ಪಟ್ಟಿ ಬರೆದುಕೊಡುವುದು ಅಂಗಡಿಯ ಕೆಲಸ; ಅದರ ಕಮಿಷನ್ನನ್ನು ಖರೀದಿದಾರರಿಂದ ಪಡೆಯಬೇಕೇ ಹೊರತು ರೈತರಿಂದ ಹಿಡಿಯುವಂತಿಲ್ಲ ಎಂಬುದು ನಮ್ಮ ರಾಜ್ಯದ ಎಪಿಎಂಸಿ ನಿಯಮ. ನೇಮಕಾತಿ ಏಜೆನ್ಸಿಯ ವ್ಯವಹಾರವೂ ಹೀಗೆಯೇ ನಡೆಯುತ್ತದೆ. ಅದಕ್ಕೆ ಹಣ ಕೊಡುವುದು ಕ್ಲೈಂಟ್. ಕ್ಲೈಂಟ್ ಏಜೆನ್ಸಿಗೆ ಕೊಡುವ ಬಿಲ್ ರೇಟಿಗೂ ನಮ್ಮ ಕೈ ಸೇರುವ ಮೊತ್ತಕ್ಕೂ ನಡುವಿನ ಅಂತರವೇ ಏಜೆನ್ಸಿಯ ಮಾರ್ಜಿನ್. ಏಜೆನ್ಸಿಯ ರಿಕ್ರೂಟರ್ ಹುಡುಕುತ್ತಿರುವುದು ಕ್ಲೈಂಟಿನಲ್ಲಿ ಖಾಲಿ ಇರುವ ಜಾಗಕ್ಕೆ ಒಬ್ಬ ಮನುಷ್ಯನನ್ನು; ನಮಗಾಗಿ ಕೆಲಸ ಹುಡುಕುವ ಹೊಣೆ ಅವರಿಗಿಲ್ಲ. ಇದು ಮನದಟ್ಟಾದರೆ ಅವರು ಒಂದು ವಾರ ಫೋನ್ ಎತ್ತದಿದ್ದಾಗ ನೊಂದುಕೊಳ್ಳುವುದು ತಪ್ಪುತ್ತದೆ, ಮತ್ತು ಅವರ ಕೆಲಸವನ್ನು ಸುಲಭ ಮಾಡಿಕೊಟ್ಟವರಿಗೆ ಅವರು ಮತ್ತೆ ಮತ್ತೆ ಕರೆ ಮಾಡುವುದೇಕೆ ಎಂಬುದೂ ತಿಳಿಯುತ್ತದೆ.

ರೆಸ್ಯೂಮೆಯ ಲೆಕ್ಕ ಇಡದೆ ನಾನು ಕಳೆದುಕೊಂಡ ಕೆಲಸವೊಂದನ್ನು ಇಲ್ಲಿ ಹೇಳಲೇಬೇಕು. ವಿಮಾ ಕಂಪನಿಯೊಂದು ತನ್ನ ಹಳೆಯ ವ್ಯವಸ್ಥೆಯನ್ನು ಕ್ಲೌಡಿಗೆ ಸಾಗಿಸುವ ಯೋಜನೆಗೆ ಮ್ಯಾನೇಜರನ್ನು ಹುಡುಕುತ್ತಿತ್ತು. ಸೋಮವಾರ ಒಂದು ಏಜೆನ್ಸಿಯವರು ಕಂಪನಿಯ ಹೆಸರನ್ನೇ ಹೇಳಿ ಒಪ್ಪಿಗೆ ಕೇಳಿದರು. ನಾನು ಒಪ್ಪಿ ರೆಸ್ಯೂಮೆ ಕಳಿಸಿದೆ. ಬುಧವಾರ ಇನ್ನೊಂದು ಏಜೆನ್ಸಿಯಿಂದ ಕರೆ ಬಂತು. "ಸರ್, ಅರ್ಜೆಂಟ್ ರಿಕ್ವೈರ್‌ಮೆಂಟ್ ಇದೆ, ದೊಡ್ಡ ಕ್ಲೈಂಟು, ಹೆಸರು ಆಮೇಲೆ ಹೇಳ್ತೀನಿ, ಈಗ ಪ್ರೊಫೈಲ್ ಕಳಿಸಿಬಿಡಿ" ಎಂದರು. ತಿಂಗಳಿಗೆ ಇಪ್ಪತ್ತು ಸಾವಿರ ಹೆಚ್ಚು ಎಂಬ ಮಾತಿಗೆ ಒಲಿದು ಕಳಿಸಿಬಿಟ್ಟೆ. ಎರಡೂ ಒಂದೇ ಕ್ಲೈಂಟಿನ ಒಂದೇ ಹುದ್ದೆ. ದೊಡ್ಡ ಕಂಪನಿಗಳು ಅಭ್ಯರ್ಥಿಗಳನ್ನು, ವೆಂಡರುಗಳು ಅಂದರೆ ತಮಗೆ ಜನ ಒದಗಿಸುವ ಏಜೆನ್ಸಿಗಳು ಹೆಸರು ಸಲ್ಲಿಸುವ ವೆಂಡರ್ ಪೋರ್ಟಲ್ ಮೂಲಕವೇ ಪಡೆಯುತ್ತವೆ. ಅಲ್ಲಿ ಒಂದೇ ಇಮೇಲ್, ಒಂದೇ ಮೊಬೈಲ್ ಸಂಖ್ಯೆ ಎರಡು ಏಜೆನ್ಸಿಗಳಿಂದ ಬಂದರೆ ಕೂಡಲೇ ಗೊತ್ತಾಗುತ್ತದೆ. ನಾಳೆ ಆ ವ್ಯಕ್ತಿಯನ್ನು ತೆಗೆದುಕೊಂಡರೆ ಹಣ ಯಾರಿಗೆ ಸಲ್ಲಬೇಕೆಂಬ ಜಗಳಕ್ಕೆ ಸಿಲುಕಲು ಯಾವ ಖರೀದಿ ವಿಭಾಗವೂ ಬಯಸುವುದಿಲ್ಲ. ಕ್ಲೈಂಟಿನವರು ಎರಡೂ ಅರ್ಜಿಗಳನ್ನು ಬದಿಗಿಟ್ಟರು. ಮೊದಲ ಏಜೆನ್ಸಿಯ ರಿಕ್ರೂಟರ್ ಹೆಣ್ಣುಮಗಳು ಫೋನ್ ಮಾಡಿ, "ನಾನು ನಿಮ್ಮನ್ನು ಮೊದಲ ಹೆಸರಾಗಿ ಕೊಟ್ಟಿದ್ದೆ ಸರ್" ಎಂದಷ್ಟೇ ಹೇಳಿದರು. ಅವರ ದನಿಯಲ್ಲಿದ್ದ ಬೇಸರ ನನಗೆ ಇಂದಿಗೂ ನೆನಪಿದೆ.

ಆ ವಾರವೇ ನಾನು ಉದ್ದನೆಯ ಕೆಂಪು ರಟ್ಟಿನ ಖಾತೆ ಪುಸ್ತಕವೊಂದನ್ನು ತಂದೆ. ಅಪ್ಪ ಅಂಗಡಿಯಲ್ಲಿ ಬರೆಯುತ್ತಿದ್ದಂಥದ್ದೇ. ಅದರಲ್ಲಿ ಪ್ರತಿ ಕರೆಗೂ ಒಂದು ಸಾಲು: ದಿನಾಂಕ, ಏಜೆನ್ಸಿ, ರಿಕ್ರೂಟರ್ ಹೆಸರು, ಕ್ಲೈಂಟ್, ಹುದ್ದೆಯ ಸಂಖ್ಯೆ, ಹೇಳಿದ ದರ, ಕಳಿಸಿದ ರೆಸ್ಯೂಮೆಯ ಪ್ರತಿ, ಮುಂದಿನ ಕರೆಯ ದಿನ. ಎಕ್ಸೆಲ್‌ನಲ್ಲಿಯೂ ಇಡಬಹುದು, ಆದರೆ ಫೋನಿನಲ್ಲಿ ಮಾತನಾಡುತ್ತಿರುವಾಗಲೇ ಕಣ್ಣಾಡಿಸಲು ನನಗೆ ಪುಸ್ತಕವೇ ಅನುಕೂಲ. ಕ್ಲೈಂಟಿನ ಹೆಸರು ಹೇಳದವರಿಗೆ ರೆಸ್ಯೂಮೆ ಇಲ್ಲ ಎಂಬುದು ಆ ದಿನದಿಂದ ನಾನು ಸಡಿಲಿಸದ ನಿಯಮ. ಹೆಸರು ಹೇಳಿದ ಮೇಲೂ ಬಾಯಿಮಾತಿನ ಒಪ್ಪಿಗೆ ಸಾಲದು. ಇಂಥ ಕ್ಲೈಂಟಿನ ಇಂಥ ಹುದ್ದೆಗೆ, ಇಷ್ಟು ದಿನಗಳ ಮಟ್ಟಿಗೆ, ಇಷ್ಟು ದರಕ್ಕೆ ನನ್ನನ್ನು ಪ್ರತಿನಿಧಿಸಲು ಈ ಏಜೆನ್ಸಿಗೆ ಮಾತ್ರ ಒಪ್ಪಿಗೆ ಇದೆ ಎಂದು ಒಂದು ಮೇಲ್ ಹೋಗಬೇಕು. ಈ ಕಸುಬಿನವರು ಅದನ್ನು ರೈಟ್ ಟು ರೆಪ್ರೆಸೆಂಟ್, ಚಿಕ್ಕದಾಗಿ ಆರ್‌ಟಿಆರ್ ಎನ್ನುತ್ತಾರೆ. ಒಳ್ಳೆಯ ಏಜೆನ್ಸಿಗಳು ತಾವೇ ಅದನ್ನು ಕೇಳುತ್ತವೆ. ಕೇಳದವರಿಗೆ ನಾವೇ ಕಳಿಸಬೇಕು. ಅವಧಿಯನ್ನು ಬರೆಯಲು ಮರೆಯಬಾರದು, ಇಲ್ಲವಾದರೆ ಒಂದು ಏಜೆನ್ಸಿ ಸುಮ್ಮನೆ ಕುಳಿತು ಆ ಕ್ಲೈಂಟಿನ ಬಾಗಿಲನ್ನು ನಮಗೆ ತಿಂಗಳುಗಟ್ಟಲೆ ಮುಚ್ಚಿಟ್ಟಂತಾಗುತ್ತದೆ.

ಅದೇ ಕರೆಯಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: "ನೀವು ಕ್ಲೈಂಟಿನ ನೇರ ವೆಂಡರೇ?" ಎಷ್ಟೋ ಸಲ ಕ್ಲೈಂಟ್ ಒಂದು ದೊಡ್ಡ ಐಟಿ ಕಂಪನಿಗೆ, ಅದು ಒಂದು ವೆಂಡರಿಗೆ, ಆ ವೆಂಡರ್ ಮತ್ತೊಂದು ಚಿಕ್ಕ ಏಜೆನ್ಸಿಗೆ ಹೇಳಿರುತ್ತಾರೆ. ನಡುವೆ ಸೇರಿದ ಪ್ರತಿ ಕೈಯೂ ತನ್ನ ಪಾಲು ಹಿಡಿಯುತ್ತದೆ, ಪ್ರತಿ ಕೈಯಲ್ಲೂ ಹಣ ಕೆಲವು ದಿನ ನಿಲ್ಲುತ್ತದೆ. ಒಂದು ಕೈ ನಡುವೆ ಇದ್ದರೆ ನಾನು ಯೋಚಿಸುತ್ತೇನೆ, ಎರಡಾದರೆ ಬಿಡುತ್ತೇನೆ.

ರೆಸ್ಯೂಮೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಹೊಣೆಗಾರಿಕೆಗಳ ಪಟ್ಟಿ ಕೊಡುವುದು. ರಿಕ್ರೂಟರ್ ಮೊದಲು ನೋಡುವುದು ಜೆಡಿಯಲ್ಲಿ, ಅಂದರೆ ಕ್ಲೈಂಟ್ ಕೊಟ್ಟ ಹುದ್ದೆಯ ವಿವರಣೆಯಲ್ಲಿ, ಇರುವ ಪದಗಳು ಇಲ್ಲಿವೆಯೇ ಎಂಬುದನ್ನು. ಕ್ಲೈಂಟಿನ ಮ್ಯಾನೇಜರ್ ನೋಡುವುದು ಇಂಥದ್ದೇ ಕೆಲಸವನ್ನು ಇವರು ಮುಗಿಸಿದ್ದಾರೆಯೇ ಎಂಬುದನ್ನು. ಕಾಯಂ ಹುದ್ದೆಗೆ ಬೆಳೆಯಬಲ್ಲವರು ಬೇಕು, ಗುತ್ತಿಗೆಗೆ ಮೊದಲ ವಾರದಿಂದಲೇ ನಡೆಸಬಲ್ಲವರು ಬೇಕು. ಆದ್ದರಿಂದ ಪ್ರತಿ ಪ್ರಾಜೆಕ್ಟಿಗೂ ನಾಲ್ಕು ಸಾಲಿನಲ್ಲಿ, ಯಾವ ಉದ್ಯಮ, ಎಷ್ಟು ಜನರ ತಂಡ, ಎಷ್ಟು ಬಜೆಟ್, ಎಷ್ಟು ತಿಂಗಳು, ನೀವು ಸೇರಿದಾಗ ಯಾವ ಸ್ಥಿತಿಯಲ್ಲಿತ್ತು, ಬಿಟ್ಟಾಗ ಎಲ್ಲಿಗೆ ತಲುಪಿತ್ತು ಎಂದು ಬರೆಯಿರಿ. ಚಿತ್ರದುರ್ಗದ ಗೆಳೆಯರೊಬ್ಬರ ರೆಸ್ಯೂಮೆಯಲ್ಲಿ "ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್" ಎಂಬ ಪದ ಒಂಬತ್ತು ಸಲ ಇತ್ತು. ನಿಂತುಹೋಗಿದ್ದ ಬ್ಯಾಂಕ್ ಪ್ರಾಜೆಕ್ಟೊಂದನ್ನು ಅವರು ಏಳು ತಿಂಗಳಲ್ಲಿ ಲೈವ್ ಮಾಡಿದ್ದು ಮೂರನೆಯ ಪುಟದ ಕೊನೆಯಲ್ಲಿತ್ತು. ಅದನ್ನು ಮೊದಲ ಪುಟಕ್ಕೆ ತಂದ ಮೇಲೆ ಅವರಿಗೆ ಬರುವ ಕರೆಗಳೇ ಬೇರೆಯಾದವು. ಪ್ರಮಾಣಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಪ್ರಾಜೆಕ್ಟ್ ಮ್ಯಾನೇಜರುಗಳ ಪಿಎಂಪಿ ಪ್ರಮಾಣಪತ್ರ ಇದ್ದರೆ ಜರಡಿಯಲ್ಲಿ ನಿಲ್ಲುತ್ತೀರಿ, ಆದರೆ ಅದೊಂದರಿಂದಲೇ ಯಾರೂ ಕೆಲಸ ಕೊಡುವುದಿಲ್ಲ.

ಊರಿನಿಂದ ಕೆಲಸ ಮಾಡುವವರು ಜಾಗದ ಮಾತನ್ನು ಮೊದಲ ಕರೆಯಲ್ಲೇ ಎತ್ತಬೇಕು. ಹೈಬ್ರಿಡ್ ಎಂದರೆ ವಾರಕ್ಕೆ ಮೂರು ದಿನವೋ ತಿಂಗಳಿಗೆ ಮೂರು ದಿನವೋ ಎಂಬುದು ಒಪ್ಪಂದದಲ್ಲಿ ಅಕ್ಷರದಲ್ಲಿರಬೇಕು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. 2023ರಿಂದ ಧಾರವಾಡ-ಬೆಂಗಳೂರು ವಂದೇ ಭಾರತ್ ಇಲ್ಲಿ ನಿಲ್ಲುತ್ತದೆ, ಆದರೆ ಅದು ಬೆಂಗಳೂರು ಮುಟ್ಟುವುದು ಸಂಜೆಗೆ. ಬೆಳಗಿನ ಮೀಟಿಂಗಿಗೆ ಹಿಂದಿನ ದಿನವೇ ಹೊರಡಬೇಕು, ಇಲ್ಲವೇ ರಾತ್ರಿ ಬಸ್ಸು ಹಿಡಿಯಬೇಕು. ಆ ಒಂದು ರಾತ್ರಿಯ ವಸತಿಯೂ ಪ್ರಯಾಣವೂ ಯಾರ ಖರ್ಚು ಎಂಬುದನ್ನು ದರ ಹೇಳುವ ಮೊದಲೇ ತೀರ್ಮಾನಿಸಿಕೊಳ್ಳಿ.

ದರ ಹೇಳುವಾಗ ಹೆಚ್ಚಿನವರು ಹಳೆಯ ಸಂಬಳವನ್ನು ಕೆಲಸದ ದಿನಗಳಿಂದ ಭಾಗಿಸಿ, ಅದರ ಮೇಲೆ ಸ್ವಲ್ಪ ಸೇರಿಸಿ ಹೇಳುತ್ತಾರೆ. ಕಾಯಂ ಕೆಲಸದಲ್ಲಿ ವರ್ಷಕ್ಕೆ 24 ಲಕ್ಷ ಬರುತ್ತಿತ್ತು ಎಂದುಕೊಳ್ಳಿ. ಶನಿವಾರ, ಭಾನುವಾರ ಬಿಟ್ಟು ವರ್ಷದಲ್ಲಿ ಸುಮಾರು 260 ದಿನ. ಭಾಗಿಸಿದರೆ ದಿನಕ್ಕೆ 9,230 ರೂಪಾಯಿ ಬರುತ್ತದೆ. ಆದರೆ ದಿನಗೂಲಿಯ ಒಪ್ಪಂದದಲ್ಲಿ ಹಬ್ಬದ ರಜೆ ಹತ್ತು ದಿನಕ್ಕೆ ಹಣವಿಲ್ಲ, ನಮ್ಮ ರಜೆ, ಕಾಯಿಲೆಗಳ ಹದಿನೈದು ದಿನಕ್ಕೆ ಹಣವಿಲ್ಲ, ಒಂದು ಗುತ್ತಿಗೆ ಮುಗಿದು ಇನ್ನೊಂದು ಸಿಗುವವರೆಗಿನ ಎರಡು ತಿಂಗಳು, ಅಂದರೆ 43 ಕೆಲಸದ ದಿನಗಳಿಗೂ ಹಣವಿಲ್ಲ. ಉಳಿಯುವುದು 192 ದಿನ. ಅದರಿಂದ ಭಾಗಿಸಿದರೆ ದಿನಕ್ಕೆ 12,500. ಮೊದಲು ಇದ್ದಷ್ಟೇ ಇರುವುದಕ್ಕೆ ಬೇಕಾದ ದರ ಇದು. ಕಂಪನಿ ಕೊಡುತ್ತಿದ್ದ ಕುಟುಂಬದ ಆರೋಗ್ಯ ವಿಮೆ ಇದರಲ್ಲಿ ಇನ್ನೂ ಸೇರಿಲ್ಲ. ಈ ಲೆಕ್ಕವನ್ನು ಮಾಡಿಟ್ಟುಕೊಂಡವರು ರಿಕ್ರೂಟರ್ "ಸ್ವಲ್ಪ ಕಡಿಮೆ ಮಾಡಿ" ಎಂದಾಗ ಎಲ್ಲಿ ನಿಲ್ಲಬೇಕೆಂದು ತಿಳಿದಿರುತ್ತಾರೆ.

ಒಪ್ಪಂದ ಎರಡು ಬಗೆಯದಾಗಿರುತ್ತದೆ. ಏಜೆನ್ಸಿಯ ಪೇರೋಲಿನಲ್ಲಿ ಸೇರಿದರೆ ಅದು ನಮ್ಮ ಉದ್ಯೋಗದಾತ. ಸಂಬಳ, ಪಿಎಫ್, ತೆರಿಗೆ ಕಡಿತ ಎಲ್ಲವೂ ಅಲ್ಲಿಂದಲೇ. ಇಲ್ಲಿ ಗಮನಿಸಬೇಕಾದದ್ದು, ಹೇಳಿದ ಮೊತ್ತದೊಳಗೇ ಉದ್ಯೋಗದಾತರ ಪಾಲಿನ ಪಿಎಫ್ ಸೇರಿದೆಯೇ ಎಂಬುದು. ಶಾಸನದ ಮಿತಿಯಾದ 15,000 ರೂಪಾಯಿಗೆ ಶೇಕಡ 12ರಂತೆ ಹಿಡಿದರೆ ಅದು ತಿಂಗಳಿಗೆ 1,800. ಪೂರ್ಣ ಮೂಲವೇತನಕ್ಕೆ ಹಿಡಿದರೆ ಮೊತ್ತ ಬಹಳ ದೊಡ್ಡದಾಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆ. ನಿಮ್ಮ ನೇಮಕಾತಿ ಪತ್ರದಲ್ಲಿ ಯಾವ ಪದ ಬಳಸಿದ್ದಾರೆ ಎಂದು ನೋಡಿ. ಗುತ್ತಿಗೆ ಮುಗಿದ ಮೇಲೆ ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ಎಂದು ಪರಿಶೀಲಿಸಲೇಬೇಕು. ಅದು ಖಾಲಿ ಇದ್ದರೆ, ಮುಂದಿನ ಕಂಪನಿಯ ಹಿನ್ನೆಲೆ ತಪಾಸಣೆಯಲ್ಲಿ ನೀವು ಒಂದೇ ಕಾಲಕ್ಕೆ ಎರಡು ಕಡೆ ಕೆಲಸ ಮಾಡಿದಂತೆ ಕಾಣುತ್ತದೆ. ಏಜೆನ್ಸಿ ದಾಖಲಿಸದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಸದಸ್ಯರೇ ಪೋರ್ಟಲಿನಲ್ಲಿ ದಾಖಲಿಸಬಹುದು.

ಇನ್ನೊಂದು ಬಗೆಯಲ್ಲಿ ನಾವೇ ಬಿಲ್ ಕೊಡುತ್ತೇವೆ. ವರ್ಷದ ವಹಿವಾಟು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು, ಬಿಲ್ಲಿನ ಮೇಲೆ ಶೇಕಡ 18 ಸೇರಿಸಬೇಕು. ಹೇಳಿದ ದರ ಜಿಎಸ್‌ಟಿ ಹೊರತುಪಡಿಸಿ ಎಂದು ಬರೆಸಿಕೊಳ್ಳದಿದ್ದರೆ ಆ ಹೊರೆ ನಮ್ಮ ತಲೆಗೇ ಬೀಳುತ್ತದೆ. ಏಜೆನ್ಸಿ ನಮ್ಮ ಕೆಲಸವನ್ನು ವೃತ್ತಿಪರ ಸೇವೆ ಎಂದು ಪರಿಗಣಿಸಿದರೆ ಶೇಕಡ 10, ತಾಂತ್ರಿಕ ಸೇವೆ ಎಂದರೆ ಶೇಕಡ 2 ಟಿಡಿಎಸ್ ಹಿಡಿಯುತ್ತದೆ. ಇವನ್ನು ನಿಮ್ಮ ಲೆಕ್ಕಪರಿಶೋಧಕರು ನೋಡಿಕೊಳ್ಳುತ್ತಾರೆ. ನಾನು ಒತ್ತಿ ಹೇಳಬೇಕಾದದ್ದು ಸಣ್ಣ ಉದ್ದಿಮೆಯಾಗಿ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿಯ ಬಗ್ಗೆ. ಸರ್ಕಾರದ ಪೋರ್ಟಲಿನಲ್ಲಿ ಅದಕ್ಕೆ ಶುಲ್ಕವಿಲ್ಲ. ಕೆಲಸ ಶುರುವಾಗುವ ಮೊದಲೇ ಅದನ್ನು ಮಾಡಿಕೊಂಡು ಬಿಲ್ಲಿನಲ್ಲಿ ಸಂಖ್ಯೆ ನಮೂದಿಸಿದರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ನಮಗಿದೆ. "ಕ್ಲೈಂಟ್ ಕೊಟ್ಟ ಮೇಲೆ ಕೊಡುತ್ತೇವೆ" ಎಂಬ ಷರತ್ತನ್ನು ಹೊಡೆದುಹಾಕಿಸಲು ಈ ಒಂದು ಸಂಖ್ಯೆ ನನಗೆ ಎರಡು ಸಲ ನೆರವಾಗಿದೆ.

ಸಹಿ ಮಾಡುವ ಮುನ್ನ ಇನ್ನೆರಡು ಕಡೆ ಬೆರಳಿಟ್ಟು ಓದಿ. ಮೊದಲನೆಯದು ನೋಟಿಸ್. ಕ್ಲೈಂಟ್ ನಮ್ಮನ್ನು ಒಂದು ವಾರದಲ್ಲಿ ಕೆಲಸದಿಂದ ಕಳಿಸಬಹುದು, ನಾವು ಮಾತ್ರ ಎರಡು ತಿಂಗಳು ಕಾಯಬೇಕು ಎಂಬ ಒಪ್ಪಂದಗಳು ಬರುತ್ತವೆ. ಎರಡೂ ಕಡೆಗೆ ಒಂದೇ ಅವಧಿ ಕೇಳುವುದು ನ್ಯಾಯ, ಮತ್ತು ಕೇಳಿದರೆ ಬಹಳಷ್ಟು ಸಲ ಸಿಗುತ್ತದೆ. ಎರಡನೆಯದು, ದುಡಿದ ದಿನ-ಗಂಟೆಗಳನ್ನು ಬರೆದುಕೊಡುವ ಟೈಮ್‌ಶೀಟ್. ಅದಕ್ಕೆ ಕ್ಲೈಂಟಿನ ಕಡೆ ಯಾರು ಒಪ್ಪಿಗೆ ಕೊಡಬೇಕು, ಅವರು ರಜೆಯಲ್ಲಿದ್ದರೆ ಯಾರು ಎಂಬುದು ಮೊದಲ ದಿನವೇ ಗೊತ್ತಿರಬೇಕು, ಏಕೆಂದರೆ ಒಪ್ಪಿಗೆಯಾಗದ ಟೈಮ್‌ಶೀಟಿಗೆ ಬಿಲ್ ಇಲ್ಲ.

ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪಿನ ಠೇವಣಿ ಎಂದು ಯಾರಾದರೂ ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗುತ್ತಿಗೆ ಮುಗಿಯಲು ಎಂಟು ವಾರ ಇರುವಾಗ ನಾನು ಕೆಂಪು ಪುಸ್ತಕವನ್ನು ಹಿಂದಿನಿಂದ ತಿರುವಿಹಾಕುತ್ತೇನೆ. ಮಾತಿಗೆ ತಪ್ಪದ, ಆಯ್ಕೆಯಾಗಲಿಲ್ಲ ಎಂಬುದನ್ನೂ ಕರೆ ಮಾಡಿ ಹೇಳಿದ ರಿಕ್ರೂಟರುಗಳ ಹೆಸರಿನ ಮುಂದೆ ಒಂದು ಗುರುತು ಹಾಕಿರುತ್ತೇನೆ. ಹನ್ನೊಂದು ವರ್ಷಗಳಲ್ಲಿ ಅಂಥವರು ಏಳು ಮಂದಿ. ಅವರಲ್ಲಿ ಕೆಲವರು ಏಜೆನ್ಸಿಯನ್ನೇ ಬದಲಿಸಿದ್ದಾರೆ, ಆದರೆ ನನಗೆ ಕೆಲಸ ತಂದುಕೊಟ್ಟದ್ದು ಆ ಮನುಷ್ಯರು. ಮೊದಲ ಕರೆ ಅವರಿಗೇ ಹೋಗುತ್ತದೆ, ಪುಸ್ತಕದಲ್ಲಿ ಹೊಸ ಸಾಲೂ ಅಲ್ಲಿಂದಲೇ ಶುರುವಾಗುತ್ತದೆ.