ಪಾಠ ಹೇಳಿ ಅಭ್ಯಾಸವಿಲ್ಲದವರು ತರಬೇತಿ ಸಂಯೋಜಕರಾಗಬಹುದೇ?

ಪ್ರಶ್ನೆ: ಎರಡು ವರ್ಷಗಳಿಂದ ಒಂದು ಸೇವಾ ಸಂಸ್ಥೆಯಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಹೊಸ ಸ್ವಯಂಸೇವಕರ ತರಬೇತಿಯ ಹೊಣೆ ವಹಿಸಿಕೊಳ್ಳಿ ಎಂದು ಈಗ ಕೇಳುತ್ತಿದ್ದಾರೆ. ನಾಲ್ಕು ಜನರೆದುರು ನಿಂತು ಪಾಠ ಹೇಳಿ ನನಗೆ ಅಭ್ಯಾಸವಿಲ್ಲ. ಒಪ್ಪಿಕೊಳ್ಳಬಹುದೇ?

ಉತ್ತರ: ಒಪ್ಪಿಕೊಳ್ಳಬಹುದು. ಸಂಯೋಜಕರೇ ಎಲ್ಲವನ್ನೂ ಕಲಿಸಬೇಕೆಂದಿಲ್ಲ. ಪ್ರಥಮ ಚಿಕಿತ್ಸೆಯನ್ನು ಅದನ್ನು ಬಲ್ಲವರೂ ಲೆಕ್ಕಪತ್ರವನ್ನು ಖಜಾಂಚಿಯವರೂ ಹೇಳಿಕೊಡಲಿ. ತರಬೇತಿ ಮುಗಿಸಿದ ವ್ಯಕ್ತಿಯನ್ನು ಒಬ್ಬರನ್ನೇ ಕೆಲಸಕ್ಕೆ ಕಳುಹಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮಾತ್ರ ನೀವು. ಈ ಹುದ್ದೆಯ ಭಾರವೆಲ್ಲ ಇರುವುದು ಅಲ್ಲಿ.

ಆದ್ದರಿಂದ ಪಾಠದ ಟಿಪ್ಪಣಿ ಬರೆಯುವುದಕ್ಕೆ ಮುಂಚೆ, ನುರಿತ ಸ್ವಯಂಸೇವಕರೊಬ್ಬರ ಪಕ್ಕದಲ್ಲಿ ಒಂದು ದಿನ ಪೂರ್ತಿ ಕುಳಿತು, ಅವರು ಏನೇನು ಮಾಡುತ್ತಾರೆ, ಎಲ್ಲೆಲ್ಲಿ ತಡವರಿಸುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಅನೇಕ ಸಂಸ್ಥೆಗಳಲ್ಲಿ ತರಬೇತಿ ಆರಂಭವಾಗುವುದು ಸಂಸ್ಥೆಯ ಇತಿಹಾಸದಿಂದ. ಅಂಥ ಒಂದು ಗಂಟೆಯನ್ನು ನಾನೂ ಕಳೆದಿದ್ದೇನೆ. ಅದು ಮುಗಿದಾಗಲೂ ಬೀಗದ ಕೈ ಯಾರ ಬಳಿ ಇರುತ್ತದೆ, ಬರಲಾಗದ ದಿನ ಯಾರಿಗೆ ಫೋನ್ ಮಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಲಸವರಿಯದ ಅಸಂಖ್ಯ ಜನ ಅಮೆರಿಕದ ಕಾರ್ಖಾನೆಗಳಿಗೆ ಒಮ್ಮೆಗೇ ಸೇರಿದಾಗ, ಅವರಿಗೆ ಕಲಿಸಲು ನಾಲ್ಕು ಹೆಜ್ಜೆಗಳ ಕ್ರಮವೊಂದು ಬಳಕೆಗೆ ಬಂತು: ಕಲಿಯುವವರನ್ನು ಅಣಿಗೊಳಿಸುವುದು, ಕೆಲಸವನ್ನು ಮಾಡಿ ತೋರಿಸುವುದು, ಅವರ ಕೈಯಿಂದಲೇ ಮಾಡಿಸಿ ನೋಡುವುದು, ಆಮೇಲೂ ಹೋಗಿ ವಿಚಾರಿಸುತ್ತಿರುವುದು. ಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಕೈಬಿಡುವುದು ಕೊನೆಯ ಎರಡನ್ನು.

ಮಕ್ಕಳಿಗೆ ಓದು ಕಲಿಸಲು ಹೋಗುವವರ ತರಬೇತಿಯನ್ನೇ ನೋಡಿ. ಮಗು ‘ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬಾರದು’ ಎಂದಾಗ ಗುಟ್ಟು ಕಾಯುವ ಮಾತು ಕೊಡಬಾರದೆಂಬ ನಿಯಮವನ್ನು ಎಲ್ಲರೂ ತಲೆಯಾಡಿಸುತ್ತ ಬರೆದುಕೊಳ್ಳುತ್ತಾರೆ. ಹತ್ತು ನಿಮಿಷದ ನಂತರ ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರಿಗೆ ಮಗುವಿನ ಪಾತ್ರ ಕೊಟ್ಟು ಅದೇ ಮಾತನ್ನು ಆಡಿಸಿದರೆ, ಇನ್ನೊಬ್ಬರ ಬಾಯಿಂದ ‘ಇಲ್ಲ ಪುಟ್ಟಾ, ಯಾರಿಗೂ ಹೇಳಲ್ಲ’ ಎಂದು ಹೊರಟೇಬಿಡುತ್ತದೆ. ತಪ್ಪು ಅವರದಲ್ಲ, ಅಕ್ಕರೆಯ ಮಾತು ನಿಯಮಕ್ಕಿಂತ ಮೊದಲು ನಾಲಿಗೆಗೆ ಬರುತ್ತದೆ. ‘ನೀನು ನನಗೆ ಹೇಳಬಹುದು, ಆದರೆ ನಿನಗೆ ಸಹಾಯ ಮಾಡುವವರಿಗೆ ನಾನು ತಿಳಿಸಬೇಕಾಗಬಹುದು’ ಎಂಬ ಉತ್ತರ ತಾನಾಗಿ ಬರುವವರೆಗೂ ಆಡಿಸಬೇಕು. ಕೆದಕಿ ಕೇಳದಿರುವುದು, ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ ಆ ಕ್ಷಣವೇ ಬರೆದು, ಹೊಣೆಗಾರರಿಗೆ ತಡಮಾಡದೆ ಒಪ್ಪಿಸುವುದು, ಇವನ್ನೂ ಹೀಗೆಯೇ ಮಾಡಿಸಿ ನೋಡಬೇಕು.

ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚಾಗಿ ಮರೆತುಹೋಗುತ್ತದೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹೆರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ. ಆತ ಬಾಯಿಪಾಠ ಮಾಡಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಎಂಬುದು ನಿಜವಾದರೂ, ನೌಕರಿ ಮುಗಿಸಿಕೊಂಡು ದಣಿದು ಬರುವ ಸ್ವಯಂಸೇವಕರ ಮುಂದೆ ಒಂದು ಇಡೀ ಭಾನುವಾರದ ಪಾಠವನ್ನು ಸುರಿಯುವುದಕ್ಕಿಂತ, ಎರಡು ಮೂರು ಸಣ್ಣ ಅವಧಿಗಳಾಗಿ ಹಂಚಿ, ನಡುವೆ ಅನುಭವಿಗಳೊಡನೆ ಕೆಲಸಕ್ಕೆ ಕಳುಹಿಸುವುದು ಮೇಲು. ಒಂದು ಅವಧಿ ತಪ್ಪಿಸಿಕೊಂಡವರಿಗೆ ಅದನ್ನೇ ಮತ್ತೆ ನಡೆಸುವ ತಾಳ್ಮೆಯೂ ಬೇಕು.

ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯದ ಹಾಳೆಯನ್ನು ಅತಿಯಾಗಿ ನಂಬಬೇಡಿ. ತರಬೇತಿಯನ್ನು ಅಳೆಯಲು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಹಂತಗಳಲ್ಲಿ ಮೆಚ್ಚುಗೆ ಮೊದಲನೆಯದು ಮಾತ್ರ. ಕಲಿತರೇ, ಕಲಿತದ್ದು ಕೆಲಸದಲ್ಲಿ ಕಾಣುತ್ತಿದೆಯೇ, ಅದರಿಂದ ಫಲ ಸಿಕ್ಕಿತೇ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ. ಒಂದು ತಿಂಗಳ ನಂತರ ಹೋಗಿ ಅವರ ಕೆಲಸ ನೋಡಿದರೆ ಹಾಳೆ ಹೇಳದ್ದೆಲ್ಲ ಕಾಣುತ್ತದೆ. ಯಾರು ಯಾವ ತರಬೇತಿಯನ್ನು ಎಂದು ಮುಗಿಸಿದರು, ಯಾರ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರದ ಅವಧಿ ಎಂದು ತೀರುತ್ತದೆ ಎಂಬುದಕ್ಕೆ ಒಂದು ಪುಸ್ತಕ ಇಟ್ಟರೆ ಸಾಕು.

ಒಪ್ಪುವ ಮೊದಲು ಸಂಸ್ಥೆಯವರೊಂದಿಗೆ ಒಂದು ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಿ. ಸಂಬಳವಿಲ್ಲದೆ ದುಡಿಯಲು ಬಂದವರಿಗೆ ‘ನೀವಿನ್ನೂ ಸಿದ್ಧರಾಗಿಲ್ಲ’ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಕೆಲವೊಮ್ಮೆ ಹೇಳಲೇಬೇಕಾಗುತ್ತದೆ, ಇಲ್ಲವೇ ಅವರಿಗೆ ಬೇರೊಂದು ಕೆಲಸ ತೋರಿಸಬೇಕಾಗುತ್ತದೆ. ಜನ ಸಾಲದ ದಿನವೂ ನಿಮ್ಮ ಈ ಮಾತು ನಡೆಯುತ್ತದೆಯೇ ಎಂದು ಕೇಳಿ, ಅದಕ್ಕೆ ಅವರು ಕೊಡುವ ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.