ಫಾರೆಸ್ಟ್ ಬೌನ್ಸ್: ಮನೆಯಿಂದ ಮನೆಗೆ ಹಾರುವ ಆಟ

ಹೆಸರಲ್ಲಿ ಫಾರೆಸ್ಟ್ ಇದೆ ಅಂತ ಕಾಡಿನ ಕಡೆ ಹೋಗಬೇಡಿ. ಅದು ಚಕ್ ಫಾರೆಸ್ಟ್ ಎಂಬ ಸ್ಪರ್ಧಿಯ ಹೆಸರು. ಅಮೆರಿಕದ ‘ಜೆಪರ್ಡಿ’ ಕ್ವಿಜ್ ನೋಡುವವರು ಸ್ಪರ್ಧಿಗಳ ಆಟದ ಬಗ್ಗೆ ಮಾತಿಗೆ ಕೂತರೆ ‘ಫಾರೆಸ್ಟ್ ಬೌನ್ಸ್’ ಅನ್ನುವ ಈ ಪದ ಬರದೆ ಇರುವುದಿಲ್ಲ. ಬರುವುದೂ ಹೆಚ್ಚಾಗಿ ಜಗಳದ ನಡುವೆಯೇ. “ಇವನ್ಯಾಕೆ ಎಲ್ಲೆಲ್ಲೋ ಹಾರ್ತಾನೆ? ಒಂದು ವಿಭಾಗ ಮುಗಿಸಿ ಮುಂದಕ್ಕೆ ಹೋಗಬಾರದಾ?” ಅಂತ ಒಬ್ಬರು. “ಆರಿಸೋ ಹಕ್ಕು ಅವನದು, ನಿಮಗೇನು ಕಷ್ಟ?” ಅಂತ ಇನ್ನೊಬ್ಬರು.

ಜಗಳ ಅರ್ಥವಾಗಬೇಕಾದರೆ ಬೋರ್ಡ್ ಗೊತ್ತಿರಬೇಕು. ನಮ್ಮ ‘ಕನ್ನಡದ ಕೋಟ್ಯಧಿಪತಿ’ಯಲ್ಲಿ ಪ್ರಶ್ನೆ ಬಂದ ಕ್ರಮದಲ್ಲೇ ಎದುರಿಸಬೇಕು, ಯಾವ ಪ್ರಶ್ನೆ ಬೇಕು ಅಂತ ಕೇಳುವ ಹಾಗಿಲ್ಲ. ಜೆಪರ್ಡಿಯಲ್ಲಿ ಆ ಆಯ್ಕೆಯೇ ಅರ್ಧ ಆಟ. ಪರದೆಯ ಮೇಲೆ ಆರು ವಿಭಾಗ, ಒಂದೊಂದರ ಕೆಳಗೆ ಐದೈದು ಮನೆ, ಒಟ್ಟು 30. ಒಂದೊಂದು ಮನೆಯ ಹಿಂದೆ ಒಂದು ಪ್ರಶ್ನೆ. ಮೊದಲ ಸುತ್ತಿನಲ್ಲಿ ತುದಿಯ ಮನೆಗೆ 200 ಡಾಲರ್, ಕೆಳಗಿಳಿದ ಹಾಗೆ ಏರುತ್ತಾ ಹೋಗಿ ತಳದ ಮನೆಗೆ 1,000. ಎರಡನೇ ಸುತ್ತಿನಲ್ಲಿ ಎಲ್ಲವೂ ದುಪ್ಪಟ್ಟು. ಆಡುವವರು ಮೂವರು, ಮೊದಲು ಬಜರ್ ಒತ್ತಿದವರಿಗೆ ಉತ್ತರ ಹೇಳುವ ಅವಕಾಶ. ಯಾರು ಸರಿಯುತ್ತರ ಕೊಟ್ಟರೋ ಮುಂದಿನ ಮನೆ ಆರಿಸುವುದು ಅವರೇ.

ಹೆಚ್ಚಿನ ಸ್ಪರ್ಧಿಗಳು ಬಹುಕಾಲ ಒಂದು ವಿಭಾಗ ಹಿಡಿದು ಮೇಲಿಂದ ಕೆಳಕ್ಕೆ ಇಳಿಯುತ್ತಿದ್ದರು. 1985ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿ ಚಕ್ ಫಾರೆಸ್ಟ್ ಬಂದು ಬೋರ್ಡಿನ ಮೇಲೆ ಕುಂಟೆಬಿಲ್ಲೆ ಆಡಿದ ಹಾಗೆ ಆಡಿದ. ಈ ವಿಭಾಗದಲ್ಲೊಂದು, ಅಲ್ಲಿಂದ ಆಚೆ ತುದಿಗೆ, ಮತ್ತೆ ನಡುವಿಗೆ. ಆಗ ಒಬ್ಬ ಸ್ಪರ್ಧಿ ಐದು ಆಟಕ್ಕಿಂತ ಹೆಚ್ಚು ಗೆಲ್ಲುವಂತಿರಲಿಲ್ಲ. ಐದನ್ನೂ ಗೆದ್ದು 72,800 ಡಾಲರ್ ಗಳಿಸಿದ, ಮರುವರ್ಷ ಚಾಂಪಿಯನ್ನರ ಟೂರ್ನಿಯನ್ನೂ ಗೆದ್ದ. ಉಪಾಯ ಹೇಳಿಕೊಟ್ಟದ್ದು ಗೆಳೆಯ ಅಂತ ಫಾರೆಸ್ಟ್ ಅದನ್ನು ‘ರೂಬಿನ್ ಬೌನ್ಸ್’ ಅಂತಲೇ ಕರೆದ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಆಡಿ ತೋರಿಸಿದವನ ಹೆಸರು.

ಅವನ ಉದ್ದೇಶ ಎದುರಾಳಿಗಳ ಲಯ ತಪ್ಪಿಸುವುದು. “ಒಪೆರಾ, 600” ಅಂತ ಹೇಳುವವನ ತಲೆ ಹೇಳುವ ಮೊದಲೇ ಒಪೆರಾಕ್ಕೆ ಹೋಗಿ ಕೂತಿರುತ್ತದೆ. ಪಕ್ಕದ ಇಬ್ಬರು ಈಗಷ್ಟೇ ನದಿಗಳ ಹೆಸರಿನಲ್ಲಿ ಮುಳುಗಿದ್ದವರು. ಅವರು ಕೇಳಿಸಿಕೊಂಡು, ಪರದೆ ನೋಡಿ, ನದಿಗಳನ್ನು ಬಿಟ್ಟು ಬರುವಷ್ಟರಲ್ಲಿ ಪ್ರಶ್ನೆ ಓದಲು ಶುರುವಾಗಿರುತ್ತದೆ. ಇದೆಷ್ಟು ಹೊತ್ತಿನ ಮಾತು ಅನ್ನಬೇಡಿ. ಪ್ರಶ್ನೆ ಓದಿ ಮುಗಿಯುವ ಮೊದಲೇ ಬಜರ್ ಒತ್ತಿದವರಿಗೆ ಕಾಲು ಸೆಕೆಂಡ್ ಬಜರ್ ಕೆಲಸ ಮಾಡುವುದಿಲ್ಲ, ಅದೇ ಅಲ್ಲಿ ಶಿಕ್ಷೆ. ಕಾಲು ಸೆಕೆಂಡ್ ಶಿಕ್ಷೆಯಾಗುವ ಆಟದಲ್ಲಿ ಅರ್ಧ ಕ್ಷಣದ ಗಲಿಬಿಲಿ ದೊಡ್ಡದೇ.

ಇಷ್ಟು ಪದದ ಮೂಲ ಅರ್ಥ. ಇವತ್ತು ಅಭಿಮಾನಿಗಳು ಫಾರೆಸ್ಟ್ ಬೌನ್ಸ್ ಅಂದಾಗ ಬಹಳ ಸಲ ಬೇರೆಯದೇ ಒಂದನ್ನು ಹೇಳುತ್ತಿರುತ್ತಾರೆ. ಅದು ಡೈಲಿ ಡಬಲ್ ಬೇಟೆ.

ಬೋರ್ಡಿನ ಮನೆಗಳ ಹಿಂದೆ ಡೈಲಿ ಡಬಲ್ ಅಡಗಿರುತ್ತದೆ, ಮೊದಲ ಸುತ್ತಿನಲ್ಲಿ ಒಂದು, ಎರಡನೆಯದರಲ್ಲಿ ಎರಡು. ಆ ಮನೆ ಆರಿಸಿದವರಿಗಷ್ಟೇ ಆ ಪ್ರಶ್ನೆ, ಬಜರ್ ಪೈಪೋಟಿ ಇಲ್ಲ. ತಮ್ಮ ಹತ್ತಿರ ಇರುವ ಹಣದಲ್ಲಿ ಎಷ್ಟು ಬೇಕಾದರೂ ಪಣಕ್ಕಿಡಬಹುದು. ಸರಿಯಾದರೆ ಅಷ್ಟು ಸೇರುತ್ತದೆ, ತಪ್ಪಾದರೆ ಅಷ್ಟೂ ಹೋಗುತ್ತದೆ. ಎಲ್ಲವನ್ನೂ ಇಟ್ಟರೆ ಅದು ‘ಟ್ರೂ ಡೈಲಿ ಡಬಲ್’. ಈ ಮನೆಗಳು ಸಿಗುವುದು ಹೆಚ್ಚಾಗಿ ಕೆಳಗಿನ ಮೂರು ಸಾಲುಗಳಲ್ಲಿ, ಅದರಲ್ಲೂ ನಾಲ್ಕನೇ ಸಾಲಿನಲ್ಲಿ. ತುದಿಯ ಸಾಲಿನಲ್ಲಿ ತೀರಾ ಅಪರೂಪ. ಇದನ್ನು ತಿಳಿದವರು ಮೇಲಿನ ಸುಲಭದ ಮನೆಗಳನ್ನು ಬಿಟ್ಟು ನೇರ ಕೆಳಗೆ ಕೈಹಾಕುತ್ತಾರೆ. ಆ ಹುಡುಕಾಟ ನೋಡುವವರ ಕಣ್ಣಿಗೆ ಬೌನ್ಸ್ ಥರವೇ ಕಾಣುತ್ತದೆ.

2014ರಲ್ಲಿ ಆರ್ಥರ್ ಚೂ ಹೀಗೆ ಆಡಿ 11 ಆಟ ಗೆದ್ದ, ಜನರಿಂದ ಸಾಕಷ್ಟು ಬೈಗುಳವನ್ನೂ ತಿಂದ. ಅವನ ಒಂದು ನಡೆಯನ್ನು ಮಾತ್ರ ಮರೆಯಲಾಗುವುದಿಲ್ಲ. ಕ್ರೀಡೆಯ ಪ್ರಶ್ನೆಯೊಂದರಲ್ಲಿ ಡೈಲಿ ಡಬಲ್ ಸಿಕ್ಕಿತು. ಕ್ರೀಡೆ ಅವನಿಗೆ ಬರುತ್ತಿರಲಿಲ್ಲ. ನಿಯಮ ಒಪ್ಪುವ ಅತಿ ಕಡಿಮೆ ಮೊತ್ತ, ಐದೇ ಐದು ಡಾಲರ್ ಇಟ್ಟ, ಪ್ರಶ್ನೆ ಬಂದ ಕೂಡಲೆ ಗೊತ್ತಿಲ್ಲ ಅಂದುಬಿಟ್ಟ. ನೋಡಿದವರಿಗೆ ಉಡಾಫೆ ಅನ್ನಿಸಿತು. ಆದರೆ ಆ ಐದು ಡಾಲರಿಗೆ ಅವನು ಕೊಂಡದ್ದೇನು? ಎದುರಾಳಿಗಳಲ್ಲಿ ಒಬ್ಬರ ಕೈಗೆ ಆ ಮನೆ ಸಿಕ್ಕಿದ್ದರೆ ಇದ್ದ ಹಣ ಇಮ್ಮಡಿಯಾಗಬಹುದಿತ್ತು. ಆ ದಾರಿ ಮುಚ್ಚಿತು. ನನ್ನ ಮಟ್ಟಿಗೆ ಆ ಆಟದ ಅತ್ಯಂತ ಜಾಣ ನಡೆಗಳಲ್ಲಿ ಅದೂ ಒಂದು.

2019ರಲ್ಲಿ ಜೇಮ್ಸ್ ಹೋಲ್ಟ್ಸ್‌ಹವರ್ ಬಂದ. ಲಾಸ್ ವೇಗಸ್‌ನಲ್ಲಿ ಕ್ರೀಡೆಗಳ ಮೇಲೆ ಬಾಜಿ ಕಟ್ಟುವುದೇ ಅವನ ವೃತ್ತಿ. ತಳದ ಸಾಲನ್ನು ಮೊದಲು ಕಬಳಿಸಿ ಕೈಯಲ್ಲಿ ದೊಡ್ಡ ಮೊತ್ತ ಮಾಡಿಕೊಂಡು, ಆಮೇಲೆ ಡೈಲಿ ಡಬಲ್ ಸಿಕ್ಕಾಗ ಎಲ್ಲವನ್ನೂ ಅಥವಾ ಬಹುಪಾಲನ್ನು ಇಡುತ್ತಿದ್ದ. 32 ಗೆಲುವು, ಒಟ್ಟು 24,62,216 ಡಾಲರ್. ಒಂದೇ ಆಟದಲ್ಲಿ 1,31,127. ಇದನ್ನೂ ಬೌನ್ಸ್ ಅಂದವರಿದ್ದಾರೆ, ನಾನು ಒಪ್ಪುವುದಿಲ್ಲ. ತಳದ ಸಾಲಿನಲ್ಲಿ ಅಡ್ಡಡ್ಡ ಸಾಗುವುದು ಯಾರನ್ನೂ ಗಲಿಬಿಲಿ ಮಾಡಲು ಅಲ್ಲ, ಅದು ಶುದ್ಧ ಲೆಕ್ಕಾಚಾರ.

ಎರಡನ್ನೂ ಬೇರೆ ಮಾಡಿ ನೋಡಲು ಒಂದು ದಾರಿ ಇದೆ. ಒಂದು ಎಪಿಸೋಡ್ ನೋಡುವಾಗ ಕಾಗದದ ಮೇಲೆ ಆರು ಕಂಬ, ಐದು ಸಾಲು ಗೀಚಿಕೊಂಡು, ಮನೆಗಳನ್ನು ಆರಿಸಿದ ಕ್ರಮದಲ್ಲೇ ನಂಬರ್ ಹಾಕುತ್ತಾ ಹೋಗಿ. ಡೈಲಿ ಡಬಲ್ ಎಲ್ಲ ಮುಗಿದ ಮೇಲೂ ಹಾರಾಟ ನಿಲ್ಲಲಿಲ್ಲವೆಂದರೆ ಅದು ಫಾರೆಸ್ಟ್ ಬೌನ್ಸ್. ಸಿಕ್ಕ ತಕ್ಷಣ ನೆಟ್ಟಗೆ ಮೇಲಿಂದ ಕೆಳಕ್ಕೆ ಇಳಿಯತೊಡಗಿದರೆ ಅಲ್ಲಿಯವರೆಗೆ ನಡೆದದ್ದು ಬೇಟೆ.

ಹಾರಾಟ ಇಷ್ಟವಾಗದವರ ಮಾತಿನಲ್ಲೂ ಹುರುಳಿದೆ. 1984ರಿಂದ 2020ರವರೆಗೆ ನಿರೂಪಕರಾಗಿದ್ದ ಅಲೆಕ್ಸ್ ಟ್ರೆಬೆಕ್ ಅವರಿಗೂ ಇದು ಹಿಡಿಸುತ್ತಿರಲಿಲ್ಲ. ಪ್ರಶ್ನೆ ಬರೆಯುವವರು ಒಂದು ವಿಭಾಗವನ್ನು ಸುಲಭದಿಂದ ಕಷ್ಟಕ್ಕೆ ಒಂದು ಹರಿವಿನಲ್ಲಿ ಕಟ್ಟಿರುತ್ತಾರೆ. ವಿಭಾಗದ ಹೆಸರಿನಲ್ಲೇ ಒಗಟು ಇದ್ದರೆ, ಉತ್ತರಗಳು ಯಾವ ಜಾಡಿನಲ್ಲಿವೆ ಅನ್ನುವುದು ಮೇಲಿನ 200, 400ರ ಪ್ರಶ್ನೆಗಳಲ್ಲೇ ಗೊತ್ತಾಗಿಬಿಡುತ್ತದೆ. ನೇರ 1,000ಕ್ಕೆ ಹಾರಿದವನು ಕತ್ತಲಲ್ಲಿ ಕಾಲಿಟ್ಟ ಹಾಗೆ. ಮನೆಯಲ್ಲಿ ಕೂತು ಜೊತೆಯಲ್ಲೇ ಉತ್ತರ ಹೇಳುವ ಹಿರಿಯರಿಗಂತೂ ಈ ಹಾರಾಟದಿಂದ ಆಟದ ರುಚಿಯೇ ಕೆಡುತ್ತದೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಇದನ್ನು ಮೋಸ ಅನ್ನುವುದು ತಪ್ಪು. ಎಲ್ಲಿಂದ ಬೇಕಾದರೂ ಆರಿಸಬಹುದು ಅನ್ನುವುದು ಆಟದ ನಿಯಮ.

ಬೇಟೆಗೂ ಅದೃಷ್ಟ ಬೇಕು. 2019ರ ಜೂನ್ 3ರಂದು ಪ್ರಸಾರವಾದ ಆಟದಲ್ಲಿ ಹೋಲ್ಟ್ಸ್‌ಹವರ್ ಆರಿಸಿದ ಮೊಟ್ಟಮೊದಲ ಮನೆಯಲ್ಲೇ ಡೈಲಿ ಡಬಲ್ ಇತ್ತು. ಕೈಯಲ್ಲಿ ಒಂದು ಡಾಲರೂ ಇರಲಿಲ್ಲ. ಅಂಥ ಹೊತ್ತಿನಲ್ಲೂ ಮೊದಲ ಸುತ್ತಿನಲ್ಲಿ 1,000ದವರೆಗೆ ಪಣಕ್ಕಿಡಬಹುದು, ಅದಕ್ಕಿಂತ ಹೆಚ್ಚು ಇಡುವಂತಿಲ್ಲ. ಉತ್ತರ ಸರಿಯಾಗಿತ್ತು, ಸಿಕ್ಕದ್ದು ಸಾವಿರವೇ. ಎರಡನೇ ಸುತ್ತಿನ ಎರಡೂ ಡೈಲಿ ಡಬಲ್ ಪಕ್ಕದಲ್ಲಿ ನಿಂತಿದ್ದ ಎಮ್ಮಾ ಬೆಟ್ಚರ್ ಪಾಲಾದವು. ಆಕೆ ಗ್ರಂಥಪಾಲಕಿ. ಸ್ನಾತಕೋತ್ತರ ಪದವಿಗೆ ಬರೆದ ಪ್ರಬಂಧದ ವಿಷಯವೇ ಜೆಪರ್ಡಿ ಪ್ರಶ್ನೆಗಳ ಕಷ್ಟ ಎಷ್ಟೆಂದು ಅಳೆಯುವುದು. ಆಟ ಮುಗಿದಾಗ ಆಕೆಯ ಹತ್ತಿರ 46,801 ಡಾಲರ್ ಇತ್ತು, ಅವನ ಹತ್ತಿರ 24,799.